3,400 ಇರಬೇಕಾದಲ್ಲಿ 4,300

ವಾಸನೆ ಮೊದಲು ಗೊತ್ತಾದದ್ದು ಅಮ್ಮನಿಗೆ. "ಒಲೆಗೆ ಕೂದಲು ಬಿದ್ದ ಹಾಗಿದೆ ನೋಡೇ" ಅಂದಳು. ಮುಂದೆ ಹೋಗ್ತಿರೋ ಲಾರಿಯ ಬ್ರೇಕ್ ಇರಬೇಕು ಅಂದೆ ನಾನು. ಏರಿನಲ್ಲಿ ಯಾವ ಲಾರಿ ಬ್ರೇಕ್ ಹಾಕುತ್ತದೆ ಅನ್ನುವುದು ಆಗ ತಲೆಗೆ ಹೊಳೆಯಲಿಲ್ಲ.

ನಾರ್ತ್ ಕೆರೋಲಿನಾದಲ್ಲಿ ಓಲ್ಡ್ ಫೋರ್ಟ್ ಅನ್ನುವ ಸಣ್ಣ ಊರು ದಾಟಿದ ಕೂಡಲೇ ಐ-40 ಹೆದ್ದಾರಿ ಬ್ಲೂ ರಿಡ್ಜ್ ಬೆಟ್ಟ ಹತ್ತತೊಡಗುತ್ತದೆ. ನೂರು ಅಡಿಗೆ ಆರು ಅಡಿ ಏರು, ಮೈಲಿಗಟ್ಟಲೆ. ಜುಲೈ ತಿಂಗಳ ಶನಿವಾರ, ಮಧ್ಯಾಹ್ನದ ಉರಿ ಬಿಸಿಲು. ನಮ್ಮ ಊರು ಕ್ಯಾರಿಯಿಂದ ಹೊರಟು ಮೂರೂವರೆ ಗಂಟೆಯಾಗಿತ್ತು. ಸಾಗರದಿಂದ ಬಂದ ಅಮ್ಮನಿಗೆ ಇಲ್ಲಿನ ಬೆಟ್ಟ ತೋರಿಸಬೇಕು, ಅದೂ ನನ್ನ ಕೆಂಪು ಮಿಯಾಟಾದಲ್ಲೇ ತೋರಿಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. 1991ರ ಗಾಡಿ, ಎರಡೇ ಸೀಟು, ಮೇಲೆ ಮಡಚುವ ಹೊದಿಕೆ, ರಾತ್ರಿಯಾದರೆ ಕಣ್ಣು ತೆರೆದ ಹಾಗೆ ಮೇಲೇಳುವ ಹೆಡ್‌ಲೈಟು. ಮಾಜ್ದಾದವರು ಈ ಮಾದರಿಯನ್ನು ಮೊದಲು ತೋರಿಸಿದ್ದು 1989ರ ಫೆಬ್ರವರಿಯಲ್ಲಿ, ಶಿಕಾಗೋ ಆಟೋ ಶೋದಲ್ಲಿ. ನಾನಾಗ ಸಾಗರದಲ್ಲಿ ಪ್ರೈಮರಿ ಶಾಲೆಗೆ ಹೋಗುತ್ತಿದ್ದೆ.

ಐದನೇ ಗೇರ್, 65 ಮೈಲಿ ವೇಗ. ಏರಿಗೆ ಗಾಡಿ ಸ್ವಲ್ಪ ಕುಗ್ಗಿತು, ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಅರಚಿತು. ಆರ್‌ಪಿಎಂ ಮುಳ್ಳು 3,400ರಿಂದ ಎದ್ದು 4,300ಕ್ಕೆ ಹೋಗಿ ನಿಂತಿತು. ವೇಗದ ಮುಳ್ಳು ಮಾತ್ರ ಇದ್ದಲ್ಲೇ ಇತ್ತು, ಆಮೇಲೆ ಮೆಲ್ಲಗೆ ಇಳಿಯತೊಡಗಿತು.

ಊರಲ್ಲಾದರೆ ಯಾವ ಡ್ರೈವರೂ ಕೂತಲ್ಲಿಂದಲೇ ಹೇಳುತ್ತಾನೆ, ಕ್ಲಚ್ ಸ್ಲಿಪ್ ಆಗ್ತಿದೆ ಅಂತ. ಆದರೆ ಅದನ್ನು ಲೆಕ್ಕ ಹಾಕಿ ಖಚಿತ ಮಾಡಿಕೊಳ್ಳಬಹುದು ಅನ್ನುವುದು ನನಗೆ ಇಷ್ಟದ ವಿಷಯ, ಹಾಗಾಗಿ ಬರೆಯುತ್ತೇನೆ. ನನ್ನ ಗಾಡಿಯ ಹಿಂದಿನ ಚಕ್ರ ಒಂದು ಮೈಲಿಗೆ ಸುಮಾರು 900 ಸುತ್ತು ತಿರುಗುತ್ತದೆ. 65 ಮೈಲಿ ವೇಗ ಅಂದರೆ ನಿಮಿಷಕ್ಕೆ 975 ಸುತ್ತು. ಹಿಂದಿನ ಡಿಫರೆನ್ಷಿಯಲ್ ಅನುಪಾತ 4.3, ಐದನೇ ಗೇರಿನದ್ದು 0.814. ಮೂರನ್ನೂ ಗುಣಿಸಿದರೆ 3,400ರ ಹತ್ತಿರ ಬರುತ್ತದೆ. ಚಕ್ರದಿಂದ ಗೇರ್ ಬಾಕ್ಸಿನ ತನಕ ಎಲ್ಲವೂ ಹಲ್ಲಿಗೆ ಹಲ್ಲು ಕೂತ ಉಕ್ಕು, ಅಲ್ಲಿ ಲೆಕ್ಕ ತಪ್ಪುವ ದಾರಿಯೇ ಇಲ್ಲ. ಈ ಗಾಡಿಯ ಸ್ಪೀಡೋಮೀಟರ್ ಕೇಬಲ್ ಕೂಡ ಗೇರ್ ಬಾಕ್ಸಿನ ಬಾಲದಿಂದಲೇ ಬರುತ್ತದೆ. ಚಕ್ರ ಜಾರಿದ್ದರೆ ಎರಡು ಮುಳ್ಳೂ ಒಟ್ಟಿಗೆ ಏರಬೇಕಿತ್ತು. ಒಂದೇ ಏರಿದರೆ, ಎಂಜಿನ್ನಿಗೂ ಗೇರ್ ಬಾಕ್ಸಿಗೂ ಮಧ್ಯೆ ಇರುವ ಒಂದೇ ಒಂದು ಸಡಿಲ ಜಾಗ, ಅಂದರೆ ಕ್ಲಚ್, ಕೈಕೊಟ್ಟಿದೆ ಎಂದರ್ಥ.

ಆ 900 ಸುತ್ತಿನ ವ್ಯತ್ಯಾಸ ಎಲ್ಲಿಗೆ ಹೋಗುತ್ತದೆ? ಪೂರ್ತಿ ಶಾಖವಾಗುತ್ತದೆ. ಕ್ಲಚ್ಚಿನ ಮೂಲಕ 100 ನ್ಯೂಟನ್ ಮೀಟರ್ ಬಲ ಹೋಗುತ್ತಿದೆ ಅಂದುಕೊಂಡರೆ ಒಂಬತ್ತು ಕಿಲೋವ್ಯಾಟಿಗೂ ಮೇಲೆ ಬರುತ್ತದೆ. ಸಾಗರದ ಮನೆ ಬಚ್ಚಲಿನ 2 ಕಿಲೋವ್ಯಾಟ್ ಗೀಸರ್ ಇದೆಯಲ್ಲ, ಅಂಥವು ನಾಲ್ಕೂವರೆ, ಊಟದ ತಟ್ಟೆಗಿಂತ ಚಿಕ್ಕದಾದ ಒಂದು ಬಿಲ್ಲೆಯೊಳಗೆ. ಅಮ್ಮನ ಮೂಗಿಗೆ ಬಂದದ್ದು ಆ ಬಿಲ್ಲೆ ಸುಡುವ ವಾಸನೆ.

ರಸ್ತೆ ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. ಇಪ್ಪತ್ತು ನಿಮಿಷ ಗಾರ್ಡ್ ರೇಲಿನ ಆಚೆ ನೆರಳಲ್ಲಿ ಕೂತೆವು. ಅಮ್ಮ ಚೀಲದಿಂದ ಕೋಡುಬಳೆ ತೆಗೆದಳು. ಮತ್ತೆ ಹೊರಟರೆ ಗಾಡಿ ಏನೂ ಆಗಿಲ್ಲವೇನೋ ಎಂಬಂತೆ ಎಳೆಯಿತು! ಮೂರನೇ ಗೇರಿನಲ್ಲಿ, ಲಾರಿಗಳ ಹಿಂದೆ ಕಾಲು ಹಗುರವಾಗಿಟ್ಟುಕೊಂಡು, ಬ್ಲ್ಯಾಕ್ ಮೌಂಟನ್ ತಲುಪಿ ರಾತ್ರಿ ಉಳಿದೆವು. ಮರುದಿನ ಬೆಳಗಿನ ಜಾವದ ತಂಪಿನಲ್ಲಿ ಇಳಿದು ಮನೆಗೆ ಬಂದೆವು. ದಾರಿಯುದ್ದಕ್ಕೂ ಒಂದು ಸಲವೂ ಸ್ಲಿಪ್ ಆಗಲಿಲ್ಲ.

ತಣ್ಣಗಾದರೆ ಹಿಡಿಯುತ್ತದೆ, ಬಿಸಿಯಾದರೆ ಜಾರುತ್ತದೆ. ಇಡೀ ರೋಗ ಆ ಒಂದು ಮಾತಿನಲ್ಲೇ ಇತ್ತು. ಸವೆದ ಕ್ಲಚ್ ಪ್ಲೇಟ್ ತಣ್ಣಗಾದ ಮಾತ್ರಕ್ಕೆ ದಪ್ಪವಾಗುವುದಿಲ್ಲ. ಆದರೆ ಬಿಸಿಗೆ ಫ್ರಿಕ್ಷನ್ ಕಮ್ಮಿಯಾಗುವುದು ಸಹಜ ತಾನೇ ಅಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟೆ.

ಮನೆ ಹತ್ತಿರದ ರಸ್ತೆಯಲ್ಲಿ ಎಲ್ಲರೂ ಹೇಳುವ ಪರೀಕ್ಷೆ ಮಾಡಿದೆ: ನಾಲ್ಕನೇ ಗೇರಿನಲ್ಲಿ 30 ಮೈಲಿ ವೇಗದಲ್ಲಿ ಹೋಗುತ್ತಾ ಒಮ್ಮೆಗೇ ಪೂರ್ತಿ ಆಕ್ಸಿಲರೇಟರ್. ಹಿಡಿಯಿತು. ಹ್ಯಾಂಡ್ ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ ಆಫ್ ಆಗುತ್ತದೋ ನೋಡುವ ಇನ್ನೊಂದು ಪರೀಕ್ಷೆಯಿದೆ. ನನಗೆ ಅದು ಸೇರುವುದಿಲ್ಲ, ಮಾಡಲೂ ಇಲ್ಲ. ಸ್ಲಿಪ್ ಆಗುವ ಕ್ಲಚ್ಚನ್ನು ನಿಂತಲ್ಲೇ ಇನ್ನಷ್ಟು ಸುಟ್ಟು ನೋಡುವುದರಿಂದ ತಿಳಿಯುವುದು ಕಮ್ಮಿ, ಆಗುವ ಹಾನಿ ಜಾಸ್ತಿ.

ಕೆಳಗೆ ಬಗ್ಗಿ ನೋಡಿದಾಗ ಬೆಲ್ ಹೌಸಿಂಗಿನ ತಳದಲ್ಲಿ ಎಣ್ಣೆಯ ತೊಟ್ಟು ಕಂಡಿತು. ಎಂಜಿನ್ ಗೇರ್ ಬಾಕ್ಸ್ ಸೇರುವ ಜಾಗ. ಅಲ್ಲೇ ನನ್ನ ತೀರ್ಮಾನ ಮುಗಿಯಿತು: ಕ್ರ್ಯಾಂಕಿನ, ಅಂದರೆ ಎಂಜಿನ್ನಿನ ತಿರುಗುವ ಮುಖ್ಯ ದಂಡದ, ಹಿಂಭಾಗದ ಆಯಿಲ್ ಸೀಲ್ ಹೋಗಿದೆ, ಎಣ್ಣೆ ಪ್ಲೇಟಿನ ಮೇಲೆ ಬೀಳುತ್ತಿದೆ. ನಾನು ಗಾಡಿ ಬಿಡುವ ವರ್ಕ್‌ಶಾಪಿನವರಿಗೆ ಫೋನಿನಲ್ಲಿ ಹೇಳಿದರೆ ಅವರೂ ಅದನ್ನೇ ಅಂದರು, ಕ್ಲಚ್ಚೂ ಸೀಲೂ ಸೇರಿ 1,400 ಡಾಲರ್. ಅವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ದುಡ್ಡು ಒಂದು ಕಾರಣ. ಇನ್ನೊಂದು ಕಾರಣ ಆ ವಸಂತದಲ್ಲಾದ ಕೆಲಸ, ಅದನ್ನು ಮುಂದೆ ಹೇಳುತ್ತೇನೆ.

ನಾಲ್ಕು ಸ್ಟ್ಯಾಂಡಿನ ಮೇಲೆ ಗಾಡಿ ಎತ್ತಿ ನಿಲ್ಲಿಸಿ, ಗೇರ್ ಬಾಕ್ಸ್ ಇಳಿಸುವ ಜಾಕ್ ಬಾಡಿಗೆಗೆ ತಂದೆ. ಭಾರ ಎತ್ತುವ ಹೊತ್ತಿಗೆ ದಾವಣಗೆರೆಯ ಗೆಳೆಯನೊಬ್ಬ ಬರುತ್ತೇನೆಂದ. ಉಳಿದ ಹೊತ್ತು ನಾನು ಮತ್ತು ಟಾರ್ಚ್ ಹಿಡಿದ ಅಮ್ಮ.

ಈ ಗಾಡಿಯಲ್ಲಿ ಗೇರ್ ಬಾಕ್ಸನ್ನೂ ಡಿಫರೆನ್ಷಿಯಲನ್ನೂ ಜೋಡಿಸುವ ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟೊಂದಿದೆ, ಪವರ್ ಪ್ಲಾಂಟ್ ಫ್ರೇಮ್ ಅನ್ನುತ್ತಾರೆ. ಗೇರ್ ಬದಲಿಸುವಾಗ ಕೈಗೆ ಸಿಗುವ ಆ ಬಿಗಿ ಖುಷಿ ಬಹುಪಾಲು ಇದರಿಂದಲೇ. ಇಳಿಸುವವರಿಗೆ ಮಾತ್ರ ಕಷ್ಟ. ಡಿಫರೆನ್ಷಿಯಲ್ ಕಡೆಯ ಉದ್ದ ಬೋಲ್ಟು ಅಲ್ಯೂಮಿನಿಯಂ ಜೊತೆ ಕಚ್ಚಿಕೊಂಡಿತ್ತು. ರಾತ್ರಿ ಎಣ್ಣೆ ಬಿಟ್ಟು, ಬೆಳಿಗ್ಗೆ ಹಿತ್ತಾಳೆ ತುಂಡಿಟ್ಟು ಬಡಿದು, ಎರಡು ಗಂಟೆ ಕಳೆಯಿತು. ಬಿಚ್ಚುವ ಮೊದಲು ಚೌಕಟ್ಟಿನಿಂದ ಗಾಡಿಯ ತಳಕ್ಕೆ ಎಷ್ಟು ಅಂತರವಿದೆ ಎಂದು ಎರಡು ಕಡೆ ಅಳೆದು ಬರೆದಿಟ್ಟುಕೊಳ್ಳಿ, ಜೋಡಿಸುವಾಗ ಬೇಕೇಬೇಕು. ಪ್ರೊಪೆಲ್ಲರ್ ಶಾಫ್ಟ್, ಸೈಲೆನ್ಸರ್ ಪೈಪಿನ ಮುಂಭಾಗ, ಸ್ಟಾರ್ಟರ್, ಸ್ಪೀಡೋ ಕೇಬಲ್ ಇವೆಲ್ಲ ಸಲೀಸಾಗಿ ಬಂದವು. ಗೇರ್ ಲಿವರನ್ನು ಕ್ಯಾಬಿನ್ ಒಳಗಿಂದ ಮೂರು ಬೋಲ್ಟ್ ತೆಗೆದು ಮೇಲಕ್ಕೆ ಎಳೆದರೆ ಆಯಿತು. ಬೆಲ್ ಹೌಸಿಂಗಿನ ಮೇಲಿನ ಎರಡು ಬೋಲ್ಟಿಗಂತೂ ಗೇರ್ ಬಾಕ್ಸಿನ ಬಾಲವನ್ನು ಕೆಳಗಿಳಿಸಿ, ಎರಡಡಿ ಉದ್ದದ ಎಕ್ಸ್‌ಟೆನ್ಷನ್ ಸೇರಿಸಿ, ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ಹುಡುಕಿ ತೆಗೆಯಬೇಕಾಯಿತು.

ಭಾನುವಾರ ಸಂಜೆ ಗೆಳೆಯ ಬಂದ. ಗೇರ್ ಬಾಕ್ಸ್ ಹಿಂದಕ್ಕೆ ಸರಿದು ಕೆಳಗೆ ಬಂತು. ಒಳಗೆ ಎಣ್ಣೆ ಮೆತ್ತಿದ ಪ್ಲೇಟನ್ನು ನೋಡಲು ಸಿದ್ಧಳಾಗಿದ್ದೆ.

ಒಳಗೆ ಒಣ. ಪೂರ್ತಿ ಒಣ ಧೂಳು.

ಕ್ರ್ಯಾಂಕಿನ ಹಿಂದಿನ ಸೀಲಿನ ಸುತ್ತ ಬೆರಳು ಆಡಿಸಿದೆ, ಬೆರಳಿಗೆ ಕಪ್ಪು ಪುಡಿ ಬಂತು, ಜಿಡ್ಡು ಇಲ್ಲ. ಹಾಗಾದರೆ ಕೆಳಗೆ ತೊಟ್ಟಿಕ್ಕಿದ ಎಣ್ಣೆ ಎಲ್ಲಿಯದು? ಟಾರ್ಚನ್ನು ಮೇಲಕ್ಕೆ ಹಿಡಿದರೆ, ಎಂಜಿನ್ ಹೆಡ್ಡಿನ ಬೆನ್ನಿನಲ್ಲಿ ಕ್ಯಾಮ್ ಆಂಗಲ್ ಸೆನ್ಸರ್ ಕೂತ ಜಾಗದಿಂದ ಒಂದು ಒದ್ದೆ ಗೆರೆ ನೇರ ಕೆಳಗೆ ಹರಿದು, ಬೆಲ್ ಹೌಸಿಂಗಿನ ಹೊರಮೈ ಮೇಲೆ ಜಾರಿ, ತಳದಲ್ಲಿ ಸೇರುತ್ತಿತ್ತು. ಆ ಸೆನ್ಸರಿನ ರಬ್ಬರ್ ರಿಂಗು ವರ್ಷಗಳ ಬಿಸಿಗೆ ಕಲ್ಲಾಗುತ್ತದೆ, ಎಣ್ಣೆ ಬಿಡುತ್ತದೆ, ನೋಡಿದವರು ಹಿಂದಿನ ಸೀಲ್ ಅನ್ನುತ್ತಾರೆ. ಹಳೆಯ ಮಿಯಾಟಾ ಇರುವವರಲ್ಲಿ ಇದು ಎಷ್ಟೋ ಜನರಿಗೆ ಆಗಿರುವ ತಪ್ಪು. ಅದನ್ನು ಓದಿಯೂ ಇದ್ದೆ. ಕೆಲವೇ ಡಾಲರಿನ ರಬ್ಬರ್ ರಿಂಗಿನ ಸೋರಿಕೆಗೆ ಗೇರ್ ಬಾಕ್ಸ್ ಇಳಿಸಿದ್ದೆ.

ಪ್ರೆಶರ್ ಪ್ಲೇಟ್ ಬಿಚ್ಚಿ ಕ್ಲಚ್ ಪ್ಲೇಟನ್ನು ಕೈಯಲ್ಲಿ ಹಿಡಿದೆ. ಮೇಲ್ಮೈ ಗಾಜಿನ ಹಾಗೆ ನುಣುಪು, ಟಾರ್ಚಿನ ಬೆಳಕು ಅದರಲ್ಲಿ ಮಿನುಗುತ್ತಿತ್ತು. ಪ್ಲೇಟು ಒತ್ತಿ ಕೂರುವ ಎಂಜಿನ್ ಕಡೆಯ ಚಕ್ರ, ಅಂದರೆ ಫ್ಲೈವೀಲಿನ ಮೇಲೆ ನೀಲಿ ಮಚ್ಚೆಗಳು, ಮೆಹೆಂದಿ ಒರೆಸಿದ ಮೇಲೆ ಉಳಿಯುವ ಕಲೆಯ ಹಾಗೆ ಅಂಚು ಕಂದು. ಪ್ಲೇಟಿನ ರಿವೆಟ್ ತಲೆಗಳು ಮೇಲ್ಮೈಯಿಂದ ಎಷ್ಟು ಆಳದಲ್ಲಿವೆ ಎಂದು ವರ್ನಿಯರ್ ಹಿಡಿದು ಅಳೆದೆ. 0.3 ಮಿಲಿಮೀಟರಿಗಿಂತ ಕಮ್ಮಿಯಾದರೆ ಪ್ಲೇಟ್ ಮುಗಿಯಿತು ಅನ್ನುತ್ತದೆ ಮಾಜ್ದಾ ಕೈಪಿಡಿ. ನನ್ನದರಲ್ಲಿ 1.1 ಬಂತು. ಇನ್ನೊಂದು ಕಡೆ 1.0. ಮೂರು ಸಲ ಅಳೆದೆ.

ಸವೆದಿಲ್ಲ. ಎಣ್ಣೆ ಬಿದ್ದಿಲ್ಲ. ಆದರೂ ಸುಟ್ಟಿದೆ.

ಅಂದು ರಾತ್ರಿ ಪ್ಲೇಟನ್ನು ಹಳೆಯ ಪೇಪರಿನ ಮೇಲಿಟ್ಟು ಅಡಿಗೆಮನೆಯಲ್ಲಿ ಕೂತೆ. ಹೊಸ ಕಿಟ್ ತರಿಸಿ ಹಾಕಿದರೆ ಸರಿ, ಅನ್ನುವುದು ಎಲ್ಲರ ಸಲಹೆ. ಹಾಕಬಹುದಿತ್ತು. ಆದರೆ ಮಿಲಿಮೀಟರಿನಷ್ಟು ಆಯುಷ್ಯ ಉಳಿದ ಪ್ಲೇಟು ಯಾಕೆ ಜಾರಿತು ಎಂದು ತಿಳಿಯದೆ ಹೊಸದನ್ನು ಹಾಕಿದರೆ ಅದೂ ಇದೇ ಗತಿ ಕಾಣುವುದಿಲ್ಲ ಎಂದು ಯಾರು ಹೇಳುತ್ತಾರೆ?

ಪ್ಲೇಟ್ ಜಾರಬೇಕಾದರೆ ಎರಡೇ ದಾರಿ. ಉಜ್ಜುವ ಮೈ ಕೆಡಬೇಕು, ಇಲ್ಲ ಅದನ್ನು ಅದುಮುವ ಬಲ ಕಮ್ಮಿಯಾಗಬೇಕು. ಅದುಮುವುದು ಪ್ರೆಶರ್ ಪ್ಲೇಟಿನೊಳಗಿನ ಡಯಾಫ್ರಾಮ್ ಸ್ಪ್ರಿಂಗು: ತಟ್ಟೆಯಾಕಾರದ ಉಕ್ಕು, ಮಧ್ಯದ ಕಡೆಗೆ ಬೆರಳುಗಳ ಹಾಗೆ ಸೀಳಿರುತ್ತದೆ. ನಾವು ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಬಂದು ಆ ಬೆರಳುಗಳನ್ನು ಒಳಕ್ಕೆ ತಳ್ಳುತ್ತದೆ, ಆಗ ಹಿಡಿತ ಬಿಡುತ್ತದೆ. ಈ ಗಾಡಿಯಲ್ಲಿ ಪೆಡಲ್ ಬಿಟ್ಟಾಗಲೂ ಬೇರಿಂಗ್ ಮೆಲ್ಲಗೆ ಬೆರಳುಗಳಿಗೆ ತಾಗಿಯೇ ಇರುತ್ತದೆ, ತಾಗುವಷ್ಟೇ. ನನ್ನ ಪ್ರೆಶರ್ ಪ್ಲೇಟಿನಲ್ಲಿ ಬೆರಳುಗಳ ತುದಿ ತೋಡಿ ಹೋಗಿ ಹೊಳೆಯುವ ಉಂಗುರವಾಗಿತ್ತು. ಬೇರಿಂಗಿನ ಗ್ರೀಸು ಕರಗಿ ಸುತ್ತಲೂ ಸಿಡಿದು ಒಣಗಿತ್ತು, ಕೈಯಲ್ಲಿ ತಿರುಗಿಸಿದರೆ ಮರಳು ಅರೆದ ಸದ್ದು. ತಾಗಿಕೊಂಡಿದ್ದ ಬೇರಿಂಗ್ ಅಲ್ಲ ಅದು. ಗಂಟೆಗಟ್ಟಲೆ ತಳ್ಳುತ್ತಲೇ ಇದ್ದ ಬೇರಿಂಗ್. ಅಂದರೆ ಯಾರೋ ಕ್ಲಚ್ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಗಾಡಿ ಓಡಿಸಿದ ಹಾಗೆ.

ಆ ಅಭ್ಯಾಸ ನನಗಿಲ್ಲ. ಹಾಫ್ ಕ್ಲಚ್‌ನಲ್ಲಿ ಗಾಡಿ ನಿಲ್ಲಿಸಿಕೊಳ್ಳುವುದನ್ನು ಕಂಡರೆ ನನಗೆ ಹಲ್ಲು ಜುಂ ಅನ್ನುತ್ತದೆ. ಹಾಗಾದರೆ ಒತ್ತುತ್ತಿದ್ದದ್ದು ಯಾರು?

ಈಗ ವಸಂತದ ಕೆಲಸ. ಏಪ್ರಿಲ್‌ನಲ್ಲಿ ಇದಕ್ಕೆ ಪೂರ್ತಿ ಉಲ್ಟಾ ತೊಂದರೆ ಬಂದಿತ್ತು: ಪೆಡಲ್ ತಳಕ್ಕೆ ಹೋದರೂ ಕ್ಲಚ್ ಬಿಡುತ್ತಿರಲಿಲ್ಲ, ಗೇರ್ ಹಾಕಿದರೆ ಕರ್ರ್ ಅನ್ನುತ್ತಿತ್ತು. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರ್ ಪೈಪಿನ ಮೂಲಕ ಫ್ಲೂಯಿಡನ್ನು ತಳ್ಳುತ್ತದೆ, ಆ ಒತ್ತಡಕ್ಕೆ ಕೆಳಗಿನ ಸ್ಲೇವ್ ಸಿಲಿಂಡರ್ ರಿಲೀಸ್ ಬೇರಿಂಗನ್ನು ತಳ್ಳುತ್ತದೆ. ಆ ಸ್ಲೇವ್ ಸಿಲಿಂಡರ್ ಸೋರುತ್ತಿತ್ತು, ಈ ಮಾದರಿಗೆ ಅದು ಮಾಮೂಲು. ಅದೇ ವರ್ಕ್‌ಶಾಪಿನಲ್ಲಿ ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್ ಎರಡನ್ನೂ ಬದಲಿಸಿ ಕೊಟ್ಟರು. ತಂದ ದಿನವೇ ಪೆಡಲ್ ಮೊದಲಿಗಿಂತ ಮೇಲೆ ಬಂದಿದೆ, ಗಾಡಿ ಕಾಲಿನ ಕೊನೆಯ ತುದಿಯಲ್ಲಿ ಹಿಡಿಯುತ್ತಿದೆ ಅನ್ನಿಸಿತ್ತು. ಹೊಸ ಸಿಲಿಂಡರ್ ಅಲ್ಲವೇ, ಹಾಗೇ ಇರುತ್ತದೆ ಅಂದರು. ಒಪ್ಪಿಕೊಂಡೆ. ಒಪ್ಪಬಾರದಿತ್ತು. ಬಿಲ್ ಕೊಟ್ಟು ಹೊರಡುವ ಮೊದಲು ಕೈಯಿಂದ ಪೆಡಲ್ ಒತ್ತಿ ನೋಡಲು ಹತ್ತು ಸೆಕೆಂಡ್ ಸಾಕಿತ್ತು.

ಸೋಮವಾರ ಆಫೀಸಿಗೆ ರಜೆ ಹಾಕಿ ಬೆಳಿಗ್ಗೆಯೇ ಗಾಡಿಯೊಳಗೆ ತಲೆಕೆಳಗಾಗಿ ಮಲಗಿ ಒತ್ತಿ ನೋಡಿದೆ. ಪೆಡಲ್‌ನಲ್ಲಿ ಪ್ಲೇ ಇರಲಿಲ್ಲ. ಪ್ಲೇ ಅಂದರೆ ಪೆಡಲ್ ಏನನ್ನೂ ತಳ್ಳುವ ಮೊದಲು ಸಿಗುವ ಸಡಿಲ, ಕೂದಲೆಳೆಯಷ್ಟೂ ಇರಲಿಲ್ಲ. ಮುಟ್ಟಿದ ಕ್ಷಣವೇ ಒಳಗಿನ ಸಿಲಿಂಡರನ್ನು ತಳ್ಳುತ್ತಿತ್ತು.

ಮಾಸ್ಟರ್ ಸಿಲಿಂಡರಿನೊಳಗೆ, ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದಾಗ ಮಾತ್ರ ತೆರೆದುಕೊಳ್ಳುವ ಸೂಜಿಮೊನೆಯಷ್ಟು ಸಣ್ಣ ತೂತೊಂದಿದೆ. ಫ್ಲೂಯಿಡ್ ತುಂಬಿದ ಮೇಲಿನ ಡಬ್ಬಿಗೂ ಕೆಳಗಿನ ಪೈಪಿಗೂ ಅದೇ ಬಾಗಿಲು. ಪೆಡಲ್ ಬಿಟ್ಟಾಗ ಬಾಗಿಲು ತೆರೆದಿರಬೇಕು, ಪೈಪಿನಲ್ಲಿರುವ ಫ್ಲೂಯಿಡ್ ಬಿಸಿಗೆ ಹಿಗ್ಗಿದರೆ ಹೆಚ್ಚಾದದ್ದು ಮೇಲಕ್ಕೆ ಹೋಗಬೇಕು. ಪೆಡಲಿಗೂ ಪಿಸ್ಟನ್ನಿಗೂ ಮಧ್ಯದ ತಳ್ಳುಕೋಲನ್ನು ಬೇಕಾದ್ದಕ್ಕಿಂತ ಉದ್ದ ಮಾಡಿಬಿಟ್ಟರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದೇ ಇಲ್ಲ, ಬಾಗಿಲು ಮುಚ್ಚಿಯೇ ಇರುತ್ತದೆ. ಪೇಟೆಯ ಸಣ್ಣ ಓಡಾಟದಲ್ಲಿ ಏನೂ ಗೊತ್ತಾಗುವುದಿಲ್ಲ. ಮೂರೂವರೆ ಗಂಟೆ ಹೆದ್ದಾರಿಯಲ್ಲಿ ಓಡಿ ಎಂಜಿನ್ನಿನ ಕಾವು ಪೈಪಿಗೂ ಸ್ಲೇವಿಗೂ ಇಳಿದಾಗ ಫ್ಲೂಯಿಡ್ ಹಿಗ್ಗುತ್ತದೆ. ಹೋಗಲು ಬೇರೆ ದಾರಿಯಿಲ್ಲದೆ ಸ್ಲೇವಿನ ಪಿಸ್ಟನ್ನನ್ನು ತಳ್ಳುತ್ತದೆ, ಅದು ಬೇರಿಂಗನ್ನು, ಬೇರಿಂಗು ಬೆರಳುಗಳನ್ನು. ಯಾರ ಕಾಲೂ ಇಲ್ಲದೆ ಕ್ಲಚ್ ಅರ್ಧ ಒತ್ತಿದ ಹಾಗೆ. ಇಪ್ಪತ್ತು ನಿಮಿಷ ನೆರಳಲ್ಲಿ ನಿಂತರೆ ಫ್ಲೂಯಿಡ್ ಕುಗ್ಗುತ್ತದೆ, ಹಿಡಿತ ವಾಪಸ್ ಬರುತ್ತದೆ.

ಇದು ಅಂದಾಜು. ಅಂದಾಜಿನ ಮೇಲೆ ಒಮ್ಮೆ ಗೇರ್ ಬಾಕ್ಸ್ ಇಳಿಸಿ ಆಗಿತ್ತು, ಈ ಸಲ ಕಣ್ಣಾರೆ ನೋಡಬೇಕೆಂದುಕೊಂಡೆ.

ಸ್ಲೇವ್ ಸಿಲಿಂಡರ್ ಪೈಪಿನ ತುದಿಯಲ್ಲಿ ನೇತಾಡುತ್ತಿತ್ತು. ಅದನ್ನು ಎಡಗೈಯಲ್ಲಿ ಹಿಡಿದು ಅದರ ಪಿಸ್ಟನ್ನನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿದೆ. ಕಲ್ಲು. ಎರಡೂ ಹೆಬ್ಬೆರಳು ಸೇರಿಸಿ, ಉಗುರು ಬೆಳ್ಳಗಾಗುವಷ್ಟು ಒತ್ತಿದೆ. ಅಲುಗಲಿಲ್ಲ. ಅಮ್ಮನನ್ನು ಕರೆದು ಹಿಡಿದುಕೊಳ್ಳಲು ಕೊಟ್ಟೆ, "ಹೀಗೇ ಒತ್ತಿಕೊಂಡಿರು, ಏನಾದರೂ ಆದರೆ ಹೇಳು." ನಾನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿ ತಳ್ಳುಕೋಲಿನ ಲಾಕ್ ನಟ್ ಸಡಿಲಿಸಿದೆ. ಕೋಲನ್ನು ಅರ್ಧ ಸುತ್ತು ತಿರುಗಿಸಿ ಗಿಡ್ಡ ಮಾಡಿದೆ. ಏನೂ ಇಲ್ಲ. ಇನ್ನರ್ಧ. ಏನೂ ಇಲ್ಲ. ಎರಡನೇ ಸುತ್ತು ಮುಗಿಯುತ್ತಿದ್ದ ಹಾಗೆ ಹೊರಗಿನಿಂದ ಅಮ್ಮ ಕೂಗಿದಳು: "ಅಯ್ಯೋ, ಒಳಗೆ ಹೋಯ್ತು ಕಣೇ!"

ಎದ್ದು ಬಾನೆಟ್ ಕಡೆ ಓಡಿದೆ. "ಬಿಟ್ಟು ಮತ್ತೆ ಒತ್ತು" ಅಂದೆ. ಅಮ್ಮನ ಹೆಬ್ಬೆರಳು ಒಳಗೆ ಹೋದ ಹಾಗೆಲ್ಲ ಮೇಲಿನ ಡಬ್ಬಿಯೊಳಗೆ ಫ್ಲೂಯಿಡಿನ ಮೈಯಲ್ಲಿ ಸಣ್ಣ ಬುಗ್ಗೆಯೊಂದು ಎದ್ದು ಅಲೆಯಾಗಿ ಅಂಚಿಗೆ ಹೋಗಿ ತಾಗುತ್ತಿತ್ತು. ಬಾಗಿಲು ತೆರೆದಿತ್ತು. ಎಷ್ಟು ಸಲ ಒತ್ತಿಸಿದೆನೋ, ಕೊನೆಗೆ ಅಮ್ಮನೇ ಸಾಕು ಅಂದಳು.

ಇದನ್ನು ಓದುತ್ತಿರುವವರಲ್ಲಿ ಯಾರ ಗಾಡಿಯಾದರೂ ಬಿಸಿಯಾದಾಗ ಮಾತ್ರ ಸ್ಲಿಪ್ ಆಗುತ್ತಿದ್ದರೆ, ದಯವಿಟ್ಟು ಮೊದಲು ಇದನ್ನು ನೋಡಿ. ಮಿಯಾಟಾದಲ್ಲಿ ಸ್ಲೇವ್ ಸಿಲಿಂಡರ್ ಬೆಲ್ ಹೌಸಿಂಗಿನ ಹೊರಗಿದೆ, ಎರಡೇ ಬೋಲ್ಟು. ಗೇರ್ ಬಾಕ್ಸ್ ಮುಟ್ಟಬೇಕಾಗಿಯೇ ಇಲ್ಲ. ಬಿಚ್ಚಲೂ ಬೇಸರವಾದರೆ, ಸ್ಲಿಪ್ ಆಗುತ್ತಿರುವಾಗಲೇ ಪಕ್ಕಕ್ಕೆ ನಿಲ್ಲಿಸಿ, ಗಾಳಿ ಹೊರಬಿಡಲು ಸ್ಲೇವಿನಲ್ಲಿರುವ ಬ್ಲೀಡರ್ ಸ್ಕ್ರೂಗೆ ರಬ್ಬರ್ ನಳಿಗೆ ಸಿಕ್ಕಿಸಿ ಅರೆಗಳಿಗೆ ಸಡಿಲಿಸಿ. ಪೆಡಲ್ ಮುಟ್ಟದೆಯೂ ಫ್ಲೂಯಿಡ್ ಚಿಮ್ಮಿ, ಆಮೇಲೆ ಸ್ಲಿಪ್ ನಿಂತರೆ, ತಪ್ಪು ಪ್ಲೇಟಿನದ್ದಲ್ಲ, ಒಳಗೆ ಸಿಕ್ಕಿಬಿದ್ದ ಒತ್ತಡದ್ದು. ಸೈಲೆನ್ಸರ್ ಪೈಪು ಕೆಂಡದ ಹಾಗಿರುತ್ತದೆ, ಕೈ ಜೋಪಾನ. ಕಾರಣ ಅಷ್ಟೇ ಆಗಿದ್ದು ಬೇಗ ಸಿಕ್ಕಿದ್ದರೆ ಪ್ಲೇಟೂ ಉಳಿಯುತ್ತಿತ್ತು. ನಾನು ಏಪ್ರಿಲ್‌ನಿಂದ ಜುಲೈ ತನಕ ಓಡಿಸಿದ್ದೆ. ನನ್ನದು ಉಳಿಯುವ ಹಂತ ದಾಟಿತ್ತು.

ಸಾಮಾನಿನ ವಿಷಯ ಬೇಗ ಹೇಳಿಬಿಡುತ್ತೇನೆ. ಎಕ್ಸೆಡಿ ಕಂಪನಿಯ ಕ್ಲಚ್ ಕಿಟ್ ತರಿಸಿದೆ, ಮೂಲ ಅಳತೆಯ 200 ಮಿಲಿಮೀಟರ್. 1994ರಿಂದ ಬಂದ 1.8 ಲೀಟರ್ ಎಂಜಿನ್ನಿನ 215 ಮಿಲಿಮೀಟರ್ ಕ್ಲಚ್ಚನ್ನು ಅದರ ಫ್ಲೈವೀಲ್ ಸಮೇತ ಹಾಕಿಕೋ ಎಂದು ಗೆಳೆಯ ಹೇಳಿದ. ಅದು ಕೂರುತ್ತದೆ, ಟರ್ಬೋ ಹಾಕಿದವರಿಗೆ ಬೇಕೂ ಬೇಕು. ನನ್ನ 116 ಕುದುರೆಗೆ ಬೇಡ. ಕ್ಲಚ್ ಚಿಕ್ಕದು ಅನ್ನುವುದು ನನ್ನ ತೊಂದರೆಯಾಗಿರಲಿಲ್ಲ. ಫ್ಲೈವೀಲನ್ನು ಲೇತಿನ ಅಂಗಡಿಯಲ್ಲಿ 60 ಡಾಲರಿಗೆ ತೆಳುವಾಗಿ ಕೆರೆಸಿದೆ, ನೀಲಿ ಮಚ್ಚೆ ಪೂರ್ತಿ ಹೋಯಿತು. ಪೈಲಟ್ ಬೇರಿಂಗ್, ರಿಲೀಸ್ ಬೇರಿಂಗ್ ಹೊಸವು. ಹಿಂದಿನ ಆಯಿಲ್ ಸೀಲನ್ನು ಮುಟ್ಟಲಿಲ್ಲ. ಹೇಗಿದ್ದರೂ ಬಿಚ್ಚಿದ್ದೀಯಲ್ಲ, ಬದಲಿಸಿಬಿಡು ಎಂದು ಎಲ್ಲರೂ ಹೇಳುತ್ತಾರೆ. ಮೂವತ್ತು ವರ್ಷ ತೊಟ್ಟು ಹನಿಸದ ಸೀಲನ್ನು ಕಿತ್ತು, ನನ್ನ ಕೈಯಲ್ಲಿ ಒಂದು ಕೂದಲಷ್ಟು ಓರೆಯಾಗಿ ಹೊಸದು ಕೂತರೆ ಆಗ ನಿಜವಾಗಿಯೂ ಸೋರುತ್ತದೆ. ಒಣಗಿದ್ದನ್ನು ಒಣಗಿದ ಹಾಗೇ ಬಿಟ್ಟೆ. ಕ್ಯಾಮ್ ಸೆನ್ಸರಿನ ರಿಂಗನ್ನು ಮಾತ್ರ ಬದಲಿಸಿದೆ. ಆ ಸೆನ್ಸರ್ ತಿರುಗಿದರೆ ಇಗ್ನಿಷನ್ ಟೈಮಿಂಗೇ ತಪ್ಪುತ್ತದೆ, ಹಾಗಾಗಿ ಸಡಿಲಿಸುವ ಮೊದಲು ಬಿಳಿ ಬಣ್ಣದಲ್ಲಿ ಗೆರೆ ಎಳೆದುಕೊಂಡೆ. ಫೈರ್‌ವಾಲಿಗೆ ಒತ್ತಿಕೊಂಡ ಜಾಗ ಅದು, ನನ್ನ ಸಣ್ಣ ಕೈ ಉಪಯೋಗಕ್ಕೆ ಬಂತು.

ಜೋಡಿಸುವಾಗ ನಾನು ತುಂಬಾ ಎಚ್ಚರ ವಹಿಸಿದ್ದು ಕೈ ಶುಚಿಯ ಬಗ್ಗೆ. ಹೊಸ ಪ್ಲೇಟಿನ ಮೇಲೆ ಗ್ರೀಸಿನ ಒಂದು ಬೆರಳಚ್ಚು ಸಾಕು, ಕ್ಲಚ್ ಬಿಡುವಾಗ ಗಾಡಿ ನಡುಗುತ್ತದೆ. ಫ್ಲೈವೀಲ್ ಬೋಲ್ಟುಗಳು ಎಂಜಿನ್ ಎಣ್ಣೆ ಇರುವ ಜಾಗದ ತನಕ ಹೋಗುತ್ತವೆ, ಅವಕ್ಕೆ ಸೀಲಂಟ್ ಹಚ್ಚಿ ಸುಮಾರು 100 ನ್ಯೂಟನ್ ಮೀಟರಿಗೆ ಬಿಗಿದೆ. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ. ಗೇರ್ ಬಾಕ್ಸ್ ಏರಿಸುವಾಗ ಕೊನೆಯ ಒಂದು ಬೆರಳಗಲ ಕೂರಲೇ ಇಲ್ಲ. ಬೋಲ್ಟ್ ಹಾಕಿ ಎಳೆದುಬಿಡೋಣ ಎಂದ ಗೆಳೆಯ. ಹಾಗೆ ಎಳೆದು ಹೊಸ ಪ್ಲೇಟಿನ ನಡು ಬಗ್ಗಿಸಿಕೊಂಡವರಿದ್ದಾರೆ, ಬೇಡ ಅಂದೆ. ಗೇರಿನಲ್ಲಿ ಹಾಕಿ ಹಿಂದಿನ ಶಾಫ್ಟನ್ನು ಮೆಲ್ಲಗೆ ತಿರುಗಿಸುತ್ತಾ ತಳ್ಳಿದೆವು, ಸ್ಪ್ಲೈನ್ ಹಲ್ಲು ಸಿಕ್ಕಿತು, ಸುಯ್ಯನೆ ಒಳಗೆ ಹೋಗಿ ಕೂತಿತು. ಗೇರ್ ಆಯಿಲ್ ಎರಡು ಲೀಟರ್, ಲಿವರ್ ತೆಗೆದ ತೂತಿನಿಂದಲೇ ಲಾಳಿಕೆ ಇಟ್ಟು ಹೊಯ್ದೆ.

ಎಲ್ಲ ಮುಗಿದು ಸ್ಟಾರ್ಟ್ ಮಾಡಿ ಮೊದಲನೇ ಗೇರ್ ಹಾಕಿದರೆ, ಕರ್ರ್.

ಏಪ್ರಿಲ್‌ನ ಅದೇ ಸದ್ದು. ಈಗ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕೈ ತಾನಾಗಿ ಡ್ಯಾಶ್‌ಬೋರ್ಡಿನ ಕೆಳಗೆ ಹೋಯಿತು, ತಳ್ಳುಕೋಲನ್ನು ಒಂದು ಸುತ್ತು ಉದ್ದ ಮಾಡಿದರೆ ಸದ್ದು ಹೋಗುತ್ತದೆ. ಲಾಕ್ ನಟ್ಟಿನ ಮೇಲೆ ಸ್ಪ್ಯಾನರ್ ಇಟ್ಟಿದ್ದೆ ಕೂಡ. ಆಗ ಅರ್ಥವಾಯಿತು, ವರ್ಕ್‌ಶಾಪಿನಲ್ಲೂ ಇದೇ ಆಗಿರಬೇಕು. ಹೊಸ ಸಿಲಿಂಡರ್ ಹಾಕಿದ ಮೇಲೆ ಪೈಪಿನಲ್ಲಿ ಗಾಳಿ ಉಳಿದಿದೆ, ಗೇರ್ ಕರ್ರ್ ಅಂದಿದೆ. ಗಾಳಿ ತೆಗೆಯುವ ಬದಲು ಕೋಲು ಉದ್ದ ಮಾಡಿದ್ದಾರೆ. ಒಂದು ತಪ್ಪನ್ನು ಇನ್ನೊಂದು ತಪ್ಪು ಮುಚ್ಚಿಕೊಂಡು ಮೂರು ತಿಂಗಳು ಓಡಿದೆ.

ಸ್ಪ್ಯಾನರ್ ಕೆಳಗಿಟ್ಟು ಅಮ್ಮನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಆ ತಗ್ಗು ಸೀಟಿಗೆ ಇಳಿಯುವುದೇ ಅವಳ ಮಂಡಿಗೆ ಒಂದು ಪರೀಕ್ಷೆ. ಸೀರೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಬರಿಗಾಲನ್ನು ಪೆಡಲ್ ಮೇಲಿಟ್ಟಳು. ನಾನು ಕೆಳಗೆ ಬ್ಲೀಡರ್ ಹತ್ತಿರ, ನಳಿಗೆಯ ಇನ್ನೊಂದು ತುದಿ ಉಪ್ಪಿನಕಾಯಿಯ ಹಳೆ ಗಾಜಿನ ಬಾಟಲಿಯಲ್ಲಿ. "ಒತ್ತು." "ಒತ್ತಿದೆ." ಸ್ಕ್ರೂ ಸಡಿಲ, ಫ್ಲೂಯಿಡ್ ಬಂತು, ಸ್ಕ್ರೂ ಬಿಗಿ. "ಬಿಡು." "ಬಿಟ್ಟೆ." ಬಿಗಿಯುವ ಮೊದಲು ಕಾಲು ತೆಗೆದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ, ಅಮ್ಮ ಒಂದು ಸಲವೂ ತಪ್ಪಲಿಲ್ಲ. ನಾಲ್ಕನೇ ಸಲಕ್ಕೆ ಬಾಟಲಿಯೊಳಗೆ ಗುಳುಗುಳು ಎಂದು ಗುಳ್ಳೆಗಳ ಸಾಲೇ ಬಂತು. ಐದು, ಆರು, ಏಳನೆಯದಕ್ಕೂ ಬರುತ್ತಲೇ ಇತ್ತು. ಮಧ್ಯೆ ಡಬ್ಬಿ ಬರಿದಾಗದ ಹಾಗೆ ಹೊಸ ಡಾಟ್ 4 ಫ್ಲೂಯಿಡ್ ತುಂಬುತ್ತಿದ್ದೆ. ಇಪ್ಪತ್ತರ ಸುಮಾರಿಗೆ ಜೇನಿನ ಬಣ್ಣದ ಶುದ್ಧ ದಾರ ಒಂದೇ ಸಮ ಇಳಿಯಿತು. "ಈಗ ಗಟ್ಟಿಯಾಯ್ತು" ಎಂದಳು ಅಮ್ಮ, ನಾನು ಕೇಳುವ ಮೊದಲೇ. ಕಾಲಿಗೆ ಗೊತ್ತಾಗುತ್ತದೆ.

ಗೇರ್ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಿತ್ತು. ತಳ್ಳುಕೋಲನ್ನು ಮುಟ್ಟಲಿಲ್ಲ. ಪೆಡಲ್ ತುದಿಯಲ್ಲಿ ಸ್ಕೇಲ್ ಹಿಡಿದು ನೋಡಿದರೆ ಪ್ಲೇ ಎರಡು ಮಿಲಿಮೀಟರ್.

500 ಮೈಲಿ ಆಫೀಸು, ಅಂಗಡಿ, ದೇವಸ್ಥಾನ ಎಂದು ಮೆಲ್ಲಗೆ ಓಡಿಸಿದೆ, ಹೊಸ ಮೈ ಒಂದಕ್ಕೊಂದು ಕೂರಲಿ ಎಂದು. ಆಗಸ್ಟ್ ಕೊನೆಯಲ್ಲಿ ಮತ್ತೆ ಅದೇ ದಾರಿ, ಬೇಕೆಂದೇ ಮಧ್ಯಾಹ್ನದ ಹೊತ್ತಿಗೆ, ಬೇಕೆಂದೇ ಎಲ್ಲೂ ನಿಲ್ಲಿಸದೆ. ಓಲ್ಡ್ ಫೋರ್ಟ್ ದಾಟಿತು, ಏರು ಶುರುವಾಯಿತು. ಐದನೇ ಗೇರ್, 65 ಮೈಲಿ, 3,400. ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಇದು ದೊಡ್ಡ ಎಂಜಿನ್ ಅಲ್ಲ, ಏರಿನಲ್ಲಿ ಐದನೇ ಗೇರಿಗೆ ಜಿಗಿಯುವುದಿಲ್ಲ. ನಿಧಾನಕ್ಕೆ, ಎರಡು ಮುಳ್ಳೂ ಒಟ್ಟಿಗೆ ಮೇಲೇರಿದವು. 66. 67. 3,500.

ಹೋದ ಸಲ ನಿಲ್ಲಿಸಿದ್ದಲ್ಲೇ ಪಕ್ಕಕ್ಕೆ ತೆಗೆದೆ. ಬಾನೆಟ್ಟಿನ ಮೇಲೆ ಗಾಳಿ ಬಿಸಿಗೆ ನಡುಗುತ್ತಿತ್ತು. ಬಾಗಿಲು ತೆಗೆದು ಮಂಡಿಯೂರಿ, ಪೆಡಲನ್ನು ಎರಡು ಬೆರಳಿನಿಂದ ಒತ್ತಿ ನೋಡಿದೆ. ಸಡಿಲ ಹಾಗೇ ಇತ್ತು, ಎರಡು ಮಿಲಿಮೀಟರ್. ಅಮ್ಮ ಆಗಲೇ ಇಳಿದು ಗಾರ್ಡ್ ರೇಲಿನ ಆಚೆ ಹೋಗಿದ್ದಳು, ಕೋಡುಬಳೆಯ ಡಬ್ಬಿ ಅವಳ ಕೈಯಲ್ಲಿತ್ತು.